ಡಿಎನ್‌ಈಸಿ ಕಿಟ್: ತಾಟೆ ರೆಕ್ಕೆಯಿಂದ ಡಿಎನ್‌ಎ ತೆಗೆಯೋಕೆ ಇಷ್ಟು ದುಡ್ಡು ಕೊಡಬೇಕಾ?

ಮೂರು ಪೆಟ್ಟಿಗೆ ಖಾಲಿ ಮಾಡಿದ ಮೇಲೆ ಬರೆಯುತ್ತಿದ್ದೇನೆ. ಹಾಗಾಗಿ ಇದು "ಇವತ್ತೇ ಬಂತು, ಪ್ಯಾಕಿಂಗ್ ಸೂಪರ್" ಅನ್ನೋ ಥರದ ರಿವ್ಯೂ ಅಲ್ಲ. ಕಿಯಾಜೆನ್ ಕಂಪನಿಯ ಡಿಎನ್‌ಈಸಿ ಬ್ಲಡ್ ಅಂಡ್ ಟಿಶ್ಯೂ ಕಿಟ್, ಒಂದು ಪೆಟ್ಟಿಗೆಗೆ 50 ಕಾಲಮ್ (ಡಿಎನ್‌ಎ ಹಿಡಿದಿಟ್ಟುಕೊಳ್ಳುವ ಪದರ ಇರುವ ಪುಟ್ಟ ಕೊಳವೆ). ನನ್ನ ಕೆಲಸ ತಾಟೆ ಮೀನಿನದ್ದು. ಘಟ್ಟದ ಮೇಲಿನವರಿಗೆ ಶಾರ್ಕ್ ಅಂದರೆ ಗೊತ್ತಾಗುತ್ತೆ, ಕಾರವಾರದ ಕಡೆ ಮೋರಿ. ಮಲ್ಪೆ, ಮಂಗಳೂರಿನ ಬೋಟುಗಳಲ್ಲಿ ಬರುವ ಸಣ್ಣ ತಾಟೆಯೂ ಗುಜರಾತಿನ ವೆರಾವಲ್‌ನಲ್ಲಿ ಸಿಗುವ ಅದೇ ಜಾತಿಯ ತಾಟೆಯೂ ಒಂದೇ ಬಳಗವಾ, ಅಥವಾ ಬೇರೆ ಬೇರೆಯಾ? ನಮ್ಮ ಪ್ರಶ್ನೆ ಇಷ್ಟೇ. ಬೇರೆ ಬೇರೆ ಅಂತಾದರೆ ಇಲ್ಲಿ ಹಿಡಿದು ಖಾಲಿ ಮಾಡಿದ್ದನ್ನು ಅಲ್ಲಿಂದ ಬಂದು ತುಂಬುವವರಿಲ್ಲ ಅಂತ ಅರ್ಥ.

ಈ ಕಿಟ್‌ಗೆ ಬೇಕಾಗೋದು 25 ಮಿಲಿಗ್ರಾಂಗಿಂತ ಜಾಸ್ತಿ ಇಲ್ಲದ ತುಣುಕು, ಸುಮಾರು ಒಂದು ಅಕ್ಕಿಕಾಳಿನಷ್ಟು. ಮೊದಲ ಸಲ ಹಾರ್ಬರ್‌ನಲ್ಲಿ ಕತ್ತರಿ ಹಿಡಿದು ಕೂತಾಗ ಬೋಟಿನವರೊಬ್ಬರು "ಎಂತ ಮಾರ್ರೆ, ಇಷ್ಟು ಸಣ್ಣ ತುಂಡು ತಕೊಂಡು ಹೋಗಿ ಎಂತ ಮಾಡ್ತೀರಿ? ಬೆಕ್ಕಿಗೂ ಸಾಕಾಗುದಿಲ್ಲ" ಅಂದಿದ್ದರು. ಸಾಕಾಗುತ್ತೆ. ಜಾಸ್ತಿ ಹಾಕಿದರೇ ತೊಂದರೆ, ಕಾಲಮ್ ಕಟ್ಟಿಕೊಳ್ಳುತ್ತೆ. ಹೊಸಬರು ಮಾಡುವ ಮೊದಲ ತಪ್ಪೇ ಇದು, "ಇರಲಿ ಇನ್ನೊಂಚೂರು" ಅಂತ.

ವಿಧಾನ ಕಷ್ಟದ್ದೇನಲ್ಲ. ತುಣುಕನ್ನು ಚೂರು ಮಾಡಿ ಬಫರ್ ಅನ್ನೋ ದ್ರಾವಣ ಹಾಕಿ, ಮಾಂಸ ಕರಗಿಸುವ ಪ್ರೋಟಿನೇಸ್ ಕೆ ಅನ್ನೋ ಕಿಣ್ವ ಹಾಕಿ 56 ಡಿಗ್ರಿಯಲ್ಲಿ ಇಡಬೇಕು. ತಾಟೆ ಚರ್ಮ ಎಮರಿ ಪೇಪರ್ ಇದ್ದಂತೆ. ಅದರ ಮೇಲೆ ಹಲ್ಲಿನಂಥ ಪುಟಾಣಿ ಚೂಪುಗಳಿರುತ್ತವೆ, ಅವು ಕರಗುವುದಿಲ್ಲ. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ಮಾಂಸವೆಲ್ಲ ಕರಗಿ, ಟ್ಯೂಬ್ ತಳದಲ್ಲಿ ಸಣ್ಣ ಮರಳಿನ ಹಾಗೆ ಕೂತಿರುತ್ತವೆ. ಅದನ್ನು ಕಲಕದೆ ಮೇಲಿನ ನೀರಷ್ಟನ್ನೇ ತೆಗೆದುಕೊಳ್ಳಿ. ಆಮೇಲೆ ಇನ್ನೊಂದು ಬಫರ್, ಎಥನಾಲ್, ಕಾಲಮ್‌ಗೆ ಸುರಿದು ಸೆಂಟ್ರಿಫ್ಯೂಜ್‌ನಲ್ಲಿ ಜೋರಾಗಿ ತಿರುಗಿಸೋದು, ಎರಡು ಸಲ ತೊಳೆಯೋದು, ಕೊನೆಗೆ ಇನ್ನೊಂದು ಬಫರ್ ಹಾಕಿ ಕಾಲಮ್‌ಗೆ ಅಂಟಿದ ಡಿಎನ್‌ಎಯನ್ನು ಟ್ಯೂಬ್‌ಗೆ ಇಳಿಸೋದು. ಒಂದೇ ಸಲಕ್ಕೆ 200 ಮೈಕ್ರೋಲೀಟರ್ ಹಾಕುವ ಬದಲು ನಾನು 100ರಂತೆ ಎರಡು ಸಲ ಬೇರೆ ಬೇರೆ ಟ್ಯೂಬ್‌ಗೆ ಇಳಿಸಿಕೊಳ್ಳುತ್ತೇನೆ, ಮೊದಲನೆಯದರಲ್ಲಿ ಡಿಎನ್‌ಎ ಸಾಂದ್ರತೆ ಜಾಸ್ತಿ ಇರುತ್ತೆ.

ತೊಳೆಯುವ ಬಫರ್ ಎರಡೂ ಸಾಂದ್ರ ದ್ರವವಾಗಿ ಬರುತ್ತವೆ, ಎಥನಾಲ್ ನಾವೇ ಸೇರಿಸಬೇಕು. ಎರಡನೇ ಪೆಟ್ಟಿಗೆ ತೆರೆದ ದಿನ ಫೋನಲ್ಲಿ ಮಾತಾಡ್ತಾ ಅದನ್ನು ಮರೆತೆ. ಎಥನಾಲ್ ಇಲ್ಲದೆ ತೊಳೆದರೆ ಡಿಎನ್‌ಎ ಕೂಡ ತೊಳೆದುಕೊಂಡು ಹೋಗುತ್ತೆ. ನಾಲ್ಕು ಸ್ಯಾಂಪಲ್ ಸಿಂಕ್ ಪಾಲು. ಕಿಟ್‌ನ ತಪ್ಪಲ್ಲ, ಪೂರ್ತಿ ನನ್ನದೇ. ಹಾಂ, ಆ ತ್ಯಾಜ್ಯಕ್ಕೆ ಬ್ಲೀಚ್ ಮಾತ್ರ ಹಾಕಬೇಡಿ, ಅದರಲ್ಲಿರುವ ಗ್ವಾನಿಡಿನ್ ಅನ್ನೋ ರಾಸಾಯನಿಕದ ಜೊತೆ ಸೇರಿದರೆ ಅಪಾಯ.

ಇನ್ನು ದುಡ್ಡಿನ ವಿಷಯ. ಯಾವ ಕಂಪನಿಯದಾದರೂ ಕಾಲಮ್ ಕಿಟ್ ಅಂದರೆ ದುಬಾರಿಯೇ. ಇದು ಯಾವ ಜಾತಿಯ ಮೀನು ಅಂತಷ್ಟೇ ತಿಳಿಯಬೇಕಾದರೆ ಬೇಡವೇ ಬೇಡ. ಲ್ಯಾಬಲ್ಲೇ ಉಪ್ಪು, ಐಸೊಪ್ರೊಪನಾಲ್ ಹಾಕಿ ಮಾಡುವ ಹಳೇ ವಿಧಾನ ಸಾಕು, ಹಸಿ ತುಣುಕಾದರೆ ಬಾರ್‌ಕೋಡ್ (ಜಾತಿ ಗುರುತಿಸಲು ಓದುವ ಡಿಎನ್‌ಎಯ ಚಿಕ್ಕ ಭಾಗ) ಆರಾಮಾಗಿ ಬರುತ್ತೆ. ಒಣಗಿಸಿ ಬ್ಲೀಚ್ ಮಾಡಿದ ರೆಕ್ಕೆಯಾದರೆ ಡಿಎನ್‌ಎ ಮೊದಲೇ ಚೂರುಚೂರಾಗಿರುತ್ತೆ. ಅದನ್ನು ಈ ಕಿಟ್ಟೂ ಜೋಡಿಸಿ ಕೊಡಲ್ಲ, ಚಿಕ್ಕ ತುಂಡನ್ನೇ ಓದುವ ಪ್ರೈಮರ್ (ಎಲ್ಲಿಂದ ಓದಬೇಕು ಅಂತ ಗುರುತು ಹಿಡಿಯುವ ಪುಟಾಣಿ ಡಿಎನ್‌ಎ) ಹಾಕಬೇಕು ಅಷ್ಟೆ.

ಆದರೆ ಯಾವ ಬಳಗ, ಯಾರು ಯಾರಿಗೆ ನೆಂಟರು ಅಂತ ಕೇಳಲು ಹೊರಟರೆ ಲೆಕ್ಕವೇ ಬೇರೆ. ಪೂರ್ವ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಕಡೆಯ ಬಿಳಿ ಶಾರ್ಕ್‌ಗಳನ್ನು 2018ರಲ್ಲಿ ಎಣಿಸಿದರು. ದೊಡ್ಡ ಮೀನುಗಳನ್ನು ಹುಡುಕಿಕೊಂಡು ಹೋಗಲಿಲ್ಲ, ಮರಿಗಳ ಡಿಎನ್‌ಎಯನ್ನೇ ಒಂದಕ್ಕೊಂದು ಹೋಲಿಸಿ ನೋಡಿದರು. ಎಷ್ಟು ಜೋಡಿ ಮರಿಗಳಿಗೆ ಅಮ್ಮನೋ ಅಪ್ಪನೋ ಒಬ್ಬರೇ? ಅಂಥ ಜೋಡಿ ಜಾಸ್ತಿ ಸಿಕ್ಕರೆ ಅಪ್ಪ ಅಮ್ಮಂದಿರು ಕಡಿಮೆ ಇದ್ದಾರೆ ಅಂತ. ಸಣ್ಣ ಊರಿನ ಮದುವೆ ಊಟದ ಪಂಕ್ತಿಯಲ್ಲಿ ಕೂತರೆ ಅಕ್ಕಪಕ್ಕದವರು ಎಲ್ಲೋ ಒಂದು ಕಡೆಯಿಂದ ನೆಂಟರೇ ಆಗಿರುತ್ತಾರೆ, ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲಿ ಹಾಗಾಗಲ್ಲ, ಅಲ್ವಾ? ಲೆಕ್ಕ ಹಾಕಿದಾಗ ಬೆಳೆದ ಶಾರ್ಕ್‌ಗಳು ಸುಮಾರು 750 ಅಂತ ಬಂತು, 470ರಿಂದ 1,030ರೊಳಗೆ ಎಷ್ಟು ಬೇಕಾದರೂ ಇರಬಹುದು. ನನಗೆ ಇದು ಈಗಲೂ ಜಾದೂ ಅನ್ನಿಸುತ್ತೆ. ಆದರೆ ಒಂದು ಸ್ಯಾಂಪಲ್‌ನ ಹನಿ ಇನ್ನೊಂದಕ್ಕೆ ಸಿಡಿದರೆ ಸಂಬಂಧವೇ ಇಲ್ಲದ ಎರಡು ಮೀನು ಅಣ್ಣತಮ್ಮ ಆಗಿಬಿಡುತ್ತವೆ. ಅಂಥ ಕಡೆ ಒಂದೊಂದು ಸ್ಯಾಂಪಲ್‌ಗೂ ಬೇರೆಯೇ ಕಾಲಮ್, ನೂರೈವತ್ತರಲ್ಲೂ ಒಂದೇ ಥರ ಸ್ವಚ್ಛ ಡಿಎನ್‌ಎ ಅನ್ನುವುದಕ್ಕೆ ನಾನು ದುಡ್ಡು ಕೊಡ್ತೀನಿ. ಡಿಎನ್‌ಎಯ ಸಾವಿರಾರು ಜಾಗಗಳಲ್ಲಿ ಅಕ್ಷರ ಓದಿಸಲು ಕಳಿಸುವಾಗ ಗಲೀಜು ಡಿಎನ್‌ಎ ಕಳಿಸಿದರೆ ಅಲ್ಲಿ ಹೋಗುವ ದುಡ್ಡು ಕಿಟ್‌ಗಿಂತ ಎಷ್ಟೋ ಜಾಸ್ತಿ.

ಈಗ ನನ್ನ ನಿಜವಾದ ದುಃಖ. ಒಮ್ಮೆ ಎಥನಾಲ್ ತುಂಬಿದ ಟ್ಯೂಬ್‌ಗಳನ್ನು ಐಸ್ ಪೆಟ್ಟಿಗೆಯಲ್ಲಿ ಹಾಕಿ ಬಸ್ಸಲ್ಲಿ ತಂದೆ. ಎರಡೋ ಮೂರೋ ಮುಚ್ಚಳ ಸಡಿಲ ಇತ್ತು. ಲ್ಯಾಬಲ್ಲಿ ತೆರೆದರೆ ಎಥನಾಲ್ ಸೋರಿ ಎಲ್ಲಾ ಟ್ಯೂಬ್ ಮೇಲೂ ಹರಿದಿದೆ, ಮಾರ್ಕರ್‌ನಲ್ಲಿ ಬರೆದಿದ್ದೆಲ್ಲ ನೀಲಿ ಕಲೆ. 23 ಟ್ಯೂಬ್. "ಪರ್ಮನೆಂಟ್" ಅಂತ ಬರೆದಿರೋ ಮಾರ್ಕರ್, ಸುಮ್ನೆ ಹೆಸರಿಗೆ! ಒಳಗಿದ್ದ ರೆಕ್ಕೆ ಚೂರುಗಳು ಚೆನ್ನಾಗೇ ಇದ್ದವು. ಕಿಟ್ಟಿಗೆ ಹಾಕಿದ್ದರೆ ಒಳ್ಳೇ ಡಿಎನ್‌ಎ ಕೂಡ ಕೊಡುತ್ತಿತ್ತು, ಜಾತಿ ಯಾವುದು ಅಂತಲೂ ಗೊತ್ತಾಗುತ್ತಿತ್ತು. ಯಾವ ಬೋಟು, ಯಾವ ದಿನ, ಮಲ್ಪೆಯದೋ ಮಂಗಳೂರಿನದೋ, ಅದನ್ನು ಮಾತ್ರ ಯಾವ ಬಫರೂ ಹೇಳಲ್ಲ.

ಎಲ್ಲಿಯದು ಅಂತ ಪಕ್ಕಾ ಗೊತ್ತಿರುವ ಸ್ಯಾಂಪಲ್ ಇಲ್ಲದೆ ಈ ಇಡೀ ವಿದ್ಯೆ ನಿಲ್ಲಲ್ಲ. ಸುತ್ತಿಗೆ ತಲೆ ಶಾರ್ಕ್‌ದೇ ನೋಡಿ. ಹಾಂಗ್‌ಕಾಂಗ್ ಮಾರುಕಟ್ಟೆಯ 62 ರೆಕ್ಕೆಗಳನ್ನು ತಾಯಿ ಕಡೆಯಿಂದ ಬರುವ ಡಿಎನ್‌ಎಯಿಂದ ಪರೀಕ್ಷಿಸಿ, ಅದರಲ್ಲಿ ಶೇ. 21ರಷ್ಟು ಪಶ್ಚಿಮ ಅಟ್ಲಾಂಟಿಕ್‌ನಿಂದ ಬಂದವು ಅಂತ 2009ರಲ್ಲಿ ಹೇಳಿದರು. ಅಷ್ಟು ದೂರದ ಸಮುದ್ರ! ಹಾಗೆ ಹೇಳೋಕೆ ಆಗಿದ್ದು ಬೇರೆ ಬೇರೆ ಸಮುದ್ರದ ಮೀನುಗಳ ತುಣುಕನ್ನು ಯಾರೋ ಮೊದಲೇ ಸರಿಯಾಗಿ ಊರು ಬರೆದು ಇಟ್ಟಿದ್ದರಿಂದ.

ಈಗ ನಾನು ಟ್ರೇಸಿಂಗ್ ಪೇಪರ್ ಚೂರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆದು ಟ್ಯೂಬ್ ಒಳಗೇ ಹಾಕುತ್ತೇನೆ. ಪೆನ್ಸಿಲ್ ಗೆರೆ ಎಥನಾಲ್‌ಗೆ ಜಗ್ಗಲ್ಲ. ಕಿಟ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ಪ್ಲಾಸ್ಟಿಕ್‌ಗೆ, ಅದೂ ಎಲ್ಲಾ ಕಾಲಮ್ ಕಿಟ್‌ಗಳ ಹಣೆಬರಹ: ಒಂದು ಅಕ್ಕಿಕಾಳಿನಷ್ಟು ಮೀನಿಗೆ ಒಂದು ಕಾಲಮ್ಮು, ಮೂರು ನಾಲ್ಕು ಟ್ಯೂಬು. ಪೆನ್ಸಿಲ್‌ಗೆ ಐದಕ್ಕೆ ಐದು. ಆ 23 ಟ್ಯೂಬ್ ಇನ್ನೂ ಫ್ರೀಜರ್‌ನ ಕೆಳಗಿನ ಅರೆಯಲ್ಲೇ ಇವೆ, ಬಿಸಾಡೋಕೆ ಮನಸ್ಸು ಬಂದಿಲ್ಲ.