ಚಿಟ್ಟಿಗೆ ಯಾವ ಬ್ರಷ್, ಮುರಕಲ್ಲಿಗೆ ಯಾವ ಬ್ರಷ್?

ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ತಂತ್ರಾಂಶ ಕ್ರಿಟಾ ತೆರೆದರೆ ಸಾಕು, ನೂರಕ್ಕೂ ಹೆಚ್ಚು ಬ್ರಷ್‌ಗಳು ಸಾಲುಗಟ್ಟಿ ನಿಲ್ಲುತ್ತವೆ. ಹೊಸಬರು ಚಿತ್ರ ಬಿಡಿಸುವುದನ್ನು ಮರೆತು ಬ್ರಷ್ ಆರಿಸುತ್ತಲೇ ಕುಳಿತುಬಿಡುತ್ತಾರೆ. ಕಾಸರಗೋಡಿನ ಕುಂಬಳೆ ಸುತ್ತಮುತ್ತಲಿನ ಯಕ್ಷಗಾನಕ್ಕೆ ಪೋಸ್ಟರ್, ಮದುವೆಗೆ ಆಮಂತ್ರಣ, ಆಗೊಮ್ಮೆ ಈಗೊಮ್ಮೆ ಮಕ್ಕಳ ಕತೆಗೆ ಚಿತ್ರ, ನನ್ನ ಕೆಲಸ ಇಷ್ಟೇ. ಇದಕ್ಕೆ ಒದಗುವ ಬ್ರಷ್ ಯಾವುದು, ಬರೀ ಶೋಕಿಯದು ಯಾವುದು ಎಂದು ತಿಳಿಯಲು ಎರಡೇ ವಿಷಯಗಳನ್ನು ಬೇರೆ ಬೇರೆ ಬ್ರಷ್‌ಗಳಲ್ಲಿ ಬಿಡಿಸಿ ನೋಡಿದೆ: ತೆಂಕುತಿಟ್ಟು ಯಕ್ಷಗಾನದ ಬಣ್ಣದ ವೇಷದ, ಅಂದರೆ ರಾಕ್ಷಸನ, ಮುಖ ಮತ್ತು ಬೇಕಲ ಕೋಟೆಯ ಗೋಡೆ.

ಮುಖದಲ್ಲಿ ನಿಜವಾದ ಪರೀಕ್ಷೆ ಚಿಟ್ಟಿಯದು. ಅಕ್ಕಿ ಹಿಟ್ಟಿಗೆ ಸುಣ್ಣ ಕಲಸಿ, ಕಡ್ಡಿಯಿಂದ ಒಂದೊಂದಾಗಿ ಇಡುವ ಆ ಬಿಳಿ ಮುಳ್ಳುಗಳ ಸಾಲು ಚಿತ್ರದಲ್ಲಿ ಸರಿ ಬರದಿದ್ದರೆ ರಾಕ್ಷಸ ರಾಕ್ಷಸನಾಗುವುದಿಲ್ಲ. ಇದಕ್ಕೆ ಎರಡು ದಾರಿಗಳಿವೆ. ಒಂದು, ಗಟ್ಟಿ ಅಂಚಿನ ಸಾದಾ ಗುಂಡು ಬ್ರಷ್ಷಿನ ಸ್ಪೇಸಿಂಗ್, ಅಂದರೆ ಅಚ್ಚುಗಳ ನಡುವಿನ ಅಂತರ, ಹೆಚ್ಚಿಸುವುದು. ಡಿಜಿಟಲ್ ಬ್ರಷ್ ಗೆರೆ ಎಳೆಯುವುದೇ ಇಲ್ಲ. ಒತ್ತೊತ್ತಾಗಿ ಅಚ್ಚು ಒತ್ತುತ್ತಾ ಹೋಗುತ್ತದೆ, ನಮ್ಮ ಕಣ್ಣಿಗೆ ಅದು ಗೆರೆಯಾಗಿ ಕಾಣುತ್ತದೆ. ಕ್ರಿಟಾದಲ್ಲಿ ಸ್ಪೇಸಿಂಗ್ 1 (ಬ್ರಷ್ಷಿನ ಅಗಲದಷ್ಟು) ದಾಟಿತೆಂದರೆ ಅಚ್ಚುಗಳು ಒಂದನ್ನೊಂದು ಮುಟ್ಟದೆ ಬಿಡಿಬಿಡಿಯಾಗಿ ನಿಲ್ಲುತ್ತವೆ. ಗಾತ್ರವನ್ನು ಪೆನ್ನಿನ ಒತ್ತಡಕ್ಕೆ ಕಟ್ಟಿದರೆ ಮೂಗಿನ ಬಳಿ ದಪ್ಪ, ಕೆನ್ನೆಯ ಅಂಚಿಗೆ ಹೋಗುತ್ತಾ ಸಣ್ಣ. ಒಂದೇ ಎಳೆತದಲ್ಲಿ ಸಾಲು ಮುಗಿಯುತ್ತದೆ. ಇನ್ನೊಂದು ದಾರಿ, ಒಂದೊಂದನ್ನೂ ಕೈಯಿಂದಲೇ ಇಡುವುದು.

ದೂರದಿಂದ ನೋಡುವ ಪೋಸ್ಟರಿಗೆ ಮೊದಲನೆಯದೇ ಸಾಕು. ಆದರೆ ಮುಖವನ್ನು ದೊಡ್ಡದಾಗಿ ತೋರಿಸುವ ಚಿತ್ರದಲ್ಲಿ ಮುಳ್ಳುಗಳೆಲ್ಲ ಒಂದೇ ಅಚ್ಚಿನವು ಎಂಬ ಗುಟ್ಟು ರಟ್ಟಾಗುತ್ತದೆ. ಪ್ರತಿ ಅಚ್ಚನ್ನೂ ಮನಬಂದಂತೆ ಬದಲಿಸುವ ಫಝಿ ಡ್ಯಾಬನ್ನು ಗಾತ್ರಕ್ಕೆ ಸೇರಿಸಿ ಏರುಪೇರು ಮಾಡಿದೆ. ಏರುಪೇರೇನೋ ಬಂತು, ಆದರೆ ಅದಕ್ಕೆ ಕಾರಣವಿಲ್ಲ. ವೇಷದಲ್ಲಿ ಚಿಟ್ಟಿ ಹಿರಿದು ಕಿರಿದಾಗುವುದು ಕೆನ್ನೆಯ ತಿರುವನ್ನು ಅನುಸರಿಸಿ. ಯಂತ್ರಕ್ಕೆ ಕೆನ್ನೆ ಎಲ್ಲಿದೆ ಎಂದು ಗೊತ್ತಿಲ್ಲ. ಅಲ್ಲಿ ಕೈಗೇ ನನ್ನ ಮತ.

ಹುಬ್ಬು, ಮೀಸೆ, ಕಿರೀಟದ ಬಳಸುಗೆರೆಗಳಿಗೆ ಇಂಕ್ ಬ್ರಷ್‌ಗಳು. ಇಲ್ಲಿ ಬ್ರಷ್ಷಿಗಿಂತ ಸ್ಟೆಬಿಲೈಸರ್ ಹೆಚ್ಚು ಮುಖ್ಯ. ಅದನ್ನು ಹಾಕಿದರೆ ಗೆರೆ ಪೆನ್ನಿನ ಹಿಂದೆ ತುಸು ತಡವಾಗಿ ಬರುತ್ತದೆ, ಕೈನಡುಕ ಮಾಯವಾಗುತ್ತದೆ. ಕಿರೀಟದ ದೊಡ್ಡ ತಿರುವುಗಳಿಗೆ ಇದು ವರದಾನ. ಅದೇ ಸ್ಟೆಬಿಲೈಸರಿನಲ್ಲಿ ಹಿನ್ನೆಲೆಯ ಅಡಿಕೆ ಮರಗಳನ್ನು ಎಳೆದಾಗ ಒಂದೊಂದು ಮರವೂ ನೆಟ್ಟ ಪಿವಿಸಿ ಪೈಪಿನಂತೆ ಕಂಡಿತು. ಮರಕ್ಕೆ ತುಸು ನಡುಕ ಬೇಕು. ಚೂಪಾದ ಮೂಲೆಗಳನ್ನೂ ಅದು ಸವೆಸಿಬಿಡುತ್ತದೆ, ಕೋರೆಹಲ್ಲು ಬಿಡಿಸುವವರು ಎಚ್ಚರವಾಗಿರಬೇಕು.

ಇನ್ನು ಬೇಕಲ. ಮುರಕಲ್ಲಿನ, ಅಂದರೆ ತೂತುತೂತಾದ ಕೆಂಪು ಜಂಬಿಟ್ಟಿಗೆಯ, ಗೋಡೆ ಎಂದರೆ ಮೇಲ್ಮೈಯ ಒರಟುತನ ಮೂಡಿಸುವ ಟೆಕ್ಸ್‌ಚರ್ ಬ್ರಷ್ಷಿಗೆ ಹೇಳಿ ಮಾಡಿಸಿದ ವಿಷಯ ಎಂದುಕೊಳ್ಳುವುದು ಸಹಜ. ಎರಡು ಎಳೆತಕ್ಕೆ ಗೋಡೆಯೆಲ್ಲ ತೂತುತೂತಾಗಿ ಚೆನ್ನಾಗಿಯೇ ಕಾಣುತ್ತದೆ. ಸ್ವಲ್ಪ ಹೊತ್ತು ನೋಡಿ: ಎಡಗಡೆ ಕಂಡ ತೂತುಗಳ ಅದೇ ಗುಂಪು ಬಲಗಡೆಯೂ ಇರುತ್ತದೆ, ಏಕೆಂದರೆ ಟೆಕ್ಸ್‌ಚರ್ ಎಂಬುದು ಮತ್ತೆ ಮತ್ತೆ ಜೋಡಿಸಿಟ್ಟ ಒಂದೇ ತುಂಡು. ಇದಕ್ಕಿಂತ ದೊಡ್ಡ ಕೊರತೆ ಬೆಳಕಿನದು. ಬಿಸಿಲು ಮೇಲಿನಿಂದ ಬಿದ್ದಾಗ ಮುರಕಲ್ಲಿನ ತೂತಿನ ಮೇಲಂಚಿನ ಒಳಗೆ ನೆರಳು, ಕೆಳತುಟಿಯ ಮೇಲೆ ಬೆಳಕು. ಟೆಕ್ಸ್‌ಚರ್ ಬ್ರಷ್ ತೂತು ಕೊಡುತ್ತದೆ, ಬಿಸಿಲನ್ನು ಕೊಡುವುದಿಲ್ಲ.

ಸಾದಾ ಗುಂಡು ಬ್ರಷ್ ಗೆದ್ದದ್ದು ಇಲ್ಲೇ. ನೋಡಲು ಅದರಷ್ಟು ನೀರಸವಾದದ್ದು ಇನ್ನೊಂದಿಲ್ಲ. ಟೆಕ್ಸ್‌ಚರನ್ನು ತೀರಾ ತೆಳುವಾಗಿ ಹಾಸಿ, ಅದರ ಮೇಲೆ ಮುಖ್ಯವಾದ ತೂತುಗಳಿಗಷ್ಟೇ ಗುಂಡು ಬ್ರಷ್ಷಿನಿಂದ ನೆರಳು ಮತ್ತು ಬೆಳಕು ಕೊಟ್ಟೆ. ಗೋಡೆ ತೂಕ ಪಡೆಯಿತು. ಒಂದು ಸೂಚನೆ: ಕ್ರಿಟಾದ ವಾಶ್ ಮೋಡಿನಲ್ಲಿ ಪೆನ್ ಎತ್ತದೆ ಎಷ್ಟು ಉಜ್ಜಿದರೂ ಬಣ್ಣವು ಒಪಾಸಿಟಿಯ (ಬಣ್ಣ ಎಷ್ಟು ದಟ್ಟ ಎಂಬುದರ) ಮಿತಿ ದಾಟುವುದಿಲ್ಲ, ಬಿಲ್ಡ್ ಅಪ್ ಮೋಡಿನಲ್ಲಿ ಉಜ್ಜಿದಷ್ಟೂ ಗಾಢವಾಗುತ್ತದೆ. ನೆರಳಿನ ಹದ ತಪ್ಪಬಾರದೆಂದರೆ ವಾಶ್ ಒಳ್ಳೆಯದು. ಮಳೆಗಾಲದ ಪಾಚಿಗೆ ಮಾತ್ರ ಚಾಕ್ ಬ್ರಷ್ಷನ್ನು ಮೀರಿಸಿದ್ದು ಇಲ್ಲ.

ಒದ್ದೆ ಬ್ರಷ್‌ಗಳ ಬಗ್ಗೆ ಹೆಚ್ಚು ಹೇಳಲಾರೆ. ಕ್ರಿಟಾದ ಜಲವರ್ಣದ ಬ್ರಷ್‌ಗಳಲ್ಲಿ ನೀರು ಹರಿಯುವುದಿಲ್ಲ, ಹರಿದಂತೆ ಕಾಣುವ ಕಲೆ ಬೀಳುತ್ತದೆ ಅಷ್ಟೆ. ಕಲರ್ ಸ್ಮಜ್ ಬ್ರಷ್‌ಗಳು ಹಾಗಲ್ಲ. ಕ್ಯಾನ್ವಾಸಿನ ಮೇಲಿರುವ ಬಣ್ಣವನ್ನೇ ಎಳೆದು ಬೆರೆಸುವುದರಿಂದ, ಕೋಟೆಯಾಚೆಯ ಆಷಾಢದ ಕಡಲು ಮತ್ತು ಮೋಡ ಒಂದರೊಳಗೊಂದು ಕರಗುವುದನ್ನು ಅವು ಸೊಗಸಾಗಿ ಕೊಡುತ್ತವೆ. ಗಾತ್ರ ದೊಡ್ಡದಾದರೆ ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುತ್ತದೆ.

ಪೆನ್ಸಿಲ್ ವಿಷಯದಲ್ಲಿ ಕ್ರಿಟಾ ಸೋಲುತ್ತದೆ ಎಂದು ನಿಷ್ಠುರವಾಗಿಯೇ ಹೇಳಬೇಕು. ಅಕ್ಕನ ಮಗಳ ಐಪ್ಯಾಡಿನಲ್ಲಿ ಚಿತ್ರ ಬಿಡಿಸುವ ಆ್ಯಪ್ ಪ್ರೊಕ್ರಿಯೇಟಿನ 6ಬಿ ಪೆನ್ಸಿಲ್ ಬ್ರಷ್ ಹಿಡಿದೆ. ಆಪಲ್ ಪೆನ್ಸಿಲನ್ನು ಓರೆ ಮಾಡಿದ ಕೂಡಲೇ ಸೀಸದ ಪಕ್ಕದಿಂದ ಉಜ್ಜಿದ ಅಗಲ ನೆರಳು, ನೆಟ್ಟಗೆ ಹಿಡಿದರೆ ತೆಳು ಗೆರೆ. ನನ್ನ ಅಗ್ಗದ ಪೆನ್ ಟ್ಯಾಬ್ಲೆಟ್ಟಿಗೆ ಓರೆಯ ಅರಿವೇ ಇಲ್ಲ, ಹಾಗಾಗಿ ಸೋಲಿನ ಪೂರ್ತಿ ಹೊಣೆ ಕ್ರಿಟಾದ ಮೇಲೆ ಹೊರಿಸುವುದು ಅನ್ಯಾಯ. ಮೊಬೈಲಿನ ಐಬಿಸ್ ಪೇಂಟ್ ಆ್ಯಪ್ ಕೂಡ ನೋಡಿದ್ದೇನೆ. ಬೆರಳಿಗೆ ಒತ್ತಡವಿಲ್ಲವಾದ್ದರಿಂದ ಗೆರೆಯ ತುದಿಗಳನ್ನು ಅದೇ ಚೂಪು ಮಾಡಿಕೊಡುತ್ತದೆ. ಬಸ್ಸಿನಲ್ಲಿ ಕುಳಿತು ಕರಡು ಗೀಚಲು ಅಡ್ಡಿಯಿಲ್ಲ.

ಪ್ರೊಕ್ರಿಯೇಟಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಆದರೆ ಐಪ್ಯಾಡ್ ಮೊದಲು ಬೇಕು. ಕ್ರಿಟಾ ಪುಕ್ಕಟೆ, ವಿಂಡೋಸ್ ಆದರೂ ಸರಿ, ಲಿನಕ್ಸ್ ಆದರೂ ಸರಿ. ಪೆನ್ಸಿಲ್ ಕರಡನ್ನು ನಾನೀಗ ಕಾಗದದಲ್ಲೇ ಬಿಡಿಸಿ, ಮೊಬೈಲಿನಲ್ಲಿ ಫೋಟೊ ತೆಗೆದು ಕ್ರಿಟಾಕ್ಕೆ ಹಾಕಿಕೊಳ್ಳುತ್ತೇನೆ. ಇದನ್ನು ಕೇಳಿ ಅಕ್ಕನ ಮಗಳು ನಗುತ್ತಾಳೆ. ಐಪ್ಯಾಡನ್ನು ಮಾತ್ರ ಬಿಟ್ಟುಕೊಡುವುದಿಲ್ಲ.