ಹನ್ಯೂ ಕಲಿತ ಊರಿನಲ್ಲಿ ಒಂದು ಸಾಣೆ ಅಂಗಡಿ

ಟೊರೊಂಟೊ ಸುತ್ತಮುತ್ತ ಮಕ್ಕಳನ್ನು ಫಿಗರ್ ಸ್ಕೇಟಿಂಗ್ ಕ್ಲಾಸಿಗೆ ಕಳಿಸುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಸ್ಕೇಟಿನ ಅಲಗಿಗೆ ಎಲ್ಲೆಂದರಲ್ಲಿ ಸಾಣೆ ಹಿಡಿಸಬೇಡಿ. ಹೋದ ನವೆಂಬರಿನಲ್ಲಿ ನಾನು ಆ ತಪ್ಪು ಮಾಡಿದೆ. ಮನೆ ಹತ್ತಿರದ ದೊಡ್ಡ ಕ್ರೀಡಾ ಸಾಮಾನಿನ ಅಂಗಡಿಗೆ ಮಗಳ ಸ್ಕೇಟ್ ಕೊಟ್ಟೆ. ಹತ್ತೇ ನಿಮಿಷದಲ್ಲಿ ವಾಪಸ್ ಕೊಟ್ಟರು. ನೋಡಲು ಪಳಪಳ ಹೊಳೆಯುತ್ತಿತ್ತು. ಆ ವಾರ ಅವಳು ಬಿದ್ದಿದ್ದೇ ಬಿದ್ದಿದ್ದು. 9 ವರ್ಷದ ಹುಡುಗಿ, ಸಾಲ್ಕೊ ಜಿಗಿತ ಆಗಷ್ಟೇ ಕೈಗೆ ಹತ್ತಿತ್ತು. ಮನೆಗೆ ಬಂದು "ನಂಗೆ ಸ್ಕೇಟಿಂಗ್ ಬರಲ್ಲಮ್ಮ" ಎಂದು ಅತ್ತಳು.

ಅವಳ ಕೋಚ್ ಅಲಗನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಅಂಗಡಿಯ ದಾರಿ ಹೇಳಿದರು. ಅದು ಟೊರೊಂಟೊದ ಎಟೋಬಿಕೋದಲ್ಲಿ, ಅಂಗಡಿ ಸಾಲೊಂದರ ಹಿಂಬದಿಯಲ್ಲಿದೆ. ಬೋರ್ಡಿನಲ್ಲಿ ಹೆಸರಿಲ್ಲ, 'ಸ್ಕೇಟ್ ಶಾರ್ಪನಿಂಗ್' ಎಂದಷ್ಟೇ ಇದೆ. ಒಳಗೆ ಒಬ್ಬ ಅಜ್ಜ, ಒಂದು ಯಂತ್ರ, ಗೋಡೆ ತುಂಬ ಬೂಟುಗಳು. ಕಾಲಿಟ್ಟ ಕೂಡಲೇ ಕಾದ ಕಬ್ಬಿಣದ ವಾಸನೆ. ಹಾಸನದ ನಮ್ಮ ಬೀದಿಗೆ ಸೈಕಲ್ ಮೇಲೆ ಸಾಣೆಕಲ್ಲು ಕಟ್ಟಿಕೊಂಡು ಬರುತ್ತಿದ್ದವರ ನೆನಪಾಯಿತು.

ಅಜ್ಜ ಅಲಗಿನ ಮೇಲೆ ಅಡ್ಡಡ್ಡ ಒಂದು ಚಿಕ್ಕ ಉಕ್ಕಿನ ಪಟ್ಟಿ ಇಟ್ಟರು. ಅದು ಒಂದು ಕಡೆಗೆ ವಾಲಿತು. ಫಿಗರ್ ಸ್ಕೇಟಿನ ಅಲಗು ಸುಮಾರು 4 ಮಿಲಿಮೀಟರ್ ದಪ್ಪ. ಅದರ ತಳದಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತದೆ, ಆ ತೋಡಿನ ಎರಡು ದಡಗಳೇ ಒಳ ಅಂಚು, ಹೊರ ಅಂಚು. ಎರಡೂ ಸಮ ಇರಬೇಕು. ಮಗಳ ಅಲಗಿನಲ್ಲಿ ಒಂದು ಎತ್ತರ, ಒಂದು ತಗ್ಗು. ಅಲಗಿನ ಮುಂತುದಿಯ ಹಲ್ಲುಗಳಲ್ಲಿ ಕೆಳಗಿನದನ್ನೂ ಸವೆಸಿದ್ದರು. ಹಾಕಿ ಸ್ಕೇಟಿಗೆ ಆ ಹಲ್ಲೇ ಇಲ್ಲ, ಅದಕ್ಕೆ ಸಾಣೆ ಹಿಡಿದು ರೂಢಿಯಾದ ಕೈ ಇಲ್ಲೂ ಓಡಿದೆ. ಇದನ್ನೆಲ್ಲ ಕೇಳಿದಾಗ ಮಗಳ ಮುಖ ನೋಡಬೇಕಿತ್ತು. ತಪ್ಪು ತನ್ನದಲ್ಲ ಎಂದು ಅವಳಿಗೆ ಅವತ್ತು ಗೊತ್ತಾಯಿತು.

ಅವಳ ಬ್ಯಾಗಿಗೆ ವಿನಿ ದ ಪೂ ಕರಡಿ ನೇತಾಡುತ್ತಿತ್ತು. ಅಜ್ಜ ನೋಡಿ ನಕ್ಕು, "ಯುಜುರು ಹನ್ಯೂ?" ಎಂದರು. ಜಪಾನಿನ ಫಿಗರ್ ಸ್ಕೇಟರ್ ಹನ್ಯೂ ಆಡಿ ಮುಗಿಸಿದರೆ ಅಭಿಮಾನಿಗಳು ಮಂಜಿನ ಮೇಲೆ ಮಳೆ ಸುರಿದ ಹಾಗೆ ಎಸೆಯುತ್ತಿದ್ದುದು ಅದೇ ಹಳದಿ ಕರಡಿಗಳನ್ನು, ಅಲ್ವಾ. ಅಲ್ಲಿಂದ ಮಾತು ಶುರುವಾಯಿತು. ಹನ್ಯೂ 2012ರಲ್ಲಿ, 17ನೇ ವಯಸ್ಸಿಗೆ, ಇದೇ ಊರಿನ ಕ್ರಿಕೆಟ್ ಕ್ಲಬ್‌ಗೆ (ಹೆಸರು ಹಾಗಿದ್ದರೂ ಅಲ್ಲಿ ಸ್ಕೇಟಿಂಗೂ ಇದೆ) ಕೋಚ್ ಬ್ರಯನ್ ಆರ್ಸರ್ ಹತ್ತಿರ ಕಲಿಯಲು ಬಂದವರು. ಅವರ ಸ್ಕೇಟಿಗೆ ತಾನು ಸಾಣೆ ಹಿಡಿದೆ ಎಂದು ಅಜ್ಜ ಎಲ್ಲೂ ಹೇಳಿಕೊಳ್ಳಲಿಲ್ಲ. ಅದು ನನಗೆ ತುಂಬ ಹಿಡಿಸಿತು. ಆದರೆ ಹನ್ಯೂ ಅವರ ಒಂದೊಂದು ಜಿಗಿತವೂ ಅಜ್ಜನಿಗೆ ಅಂಚಿನ ಲೆಕ್ಕದಲ್ಲಿ ಬಾಯಿಪಾಠ. ಲೂಪ್ ಜಿಗಿತಕ್ಕೆ ಹಲ್ಲು ಊರಿ ಚಿಮ್ಮುವ ಹಾಗಿಲ್ಲ, ಹಿಮ್ಮುಖವಾಗಿ ಬರುತ್ತಾ ಹೊರ ಅಂಚಿನ ಮೇಲಿಂದಲೇ ಏಳಬೇಕು. ಅದರಲ್ಲಿ ನಾಲ್ಕು ಸುತ್ತು ತಿರುಗಿ ಸ್ಪರ್ಧೆಯಲ್ಲಿ ಇಳಿದ ಮೊದಲಿಗ ಹನ್ಯೂ. 2016ರಲ್ಲಿ, ಇಲ್ಲೇ ಕೆನಡಾದ ಕ್ವಿಬೆಕ್‌ನಲ್ಲಿ.

ನನ್ನ ಮನಸ್ಸಿನಲ್ಲಿ ಕೂತಿರುವುದು ಬೇರೆ ದಿನ. 2011ರ ಮಾರ್ಚ್ 11. ಹನ್ಯೂ ತಮ್ಮೂರು ಸೆಂಡೈನ ರಿಂಕ್‌ನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಭೂಕಂಪ ಬಂತು. ಸ್ಕೇಟ್ ಬಿಚ್ಚಲೂ ಹೊತ್ತಿಲ್ಲದೆ ಹಾಗೇ ಹೊರಗೆ ಓಡಿದರು. 16 ವರ್ಷದ ಹುಡುಗ, ಚಿಕ್ಕಂದಿನಿಂದ ಆಸ್ತಮಾ ಬೇರೆ. ಕವರ್ ಇಲ್ಲದ ಅಲಗಿನಲ್ಲಿ ಸಿಮೆಂಟ್ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟರೆ ಅಂಚು ಏನಾಗುತ್ತದೆ ಎಂದು ಅಜ್ಜ ಒಂದು ಹಳೇ ಅಲಗು ತೋರಿಸಿದರು. ಗರಗಸದ ಹಾಗೆ ಮುಕ್ಕಾಗಿತ್ತು. ಮಗಳು ಅದರ ಮೇಲೆ ಬೆರಳು ಆಡಿಸಿ ಸುಮ್ನೆ ನಿಂತಳು. ಆ ರಿಂಕ್ ಮುಚ್ಚಿದ ಮೇಲೆ ಹನ್ಯೂ ಅಭ್ಯಾಸಕ್ಕೆ ಜಾಗ ಸಿಗಲೆಂದೇ ಊರೂರು ತಿರುಗಿ ಸುಮಾರು 60 ಐಸ್ ಶೋಗಳಲ್ಲಿ ಆಡಿದರು. ಮೂರು ವರ್ಷಕ್ಕೆ ಸೋಚಿ ಒಲಿಂಪಿಕ್ಸ್‌ನಲ್ಲಿ ಚಿನ್ನ. 2018ರಲ್ಲಿ, ಕಾಲಿನ ಗಿಣ್ಣಿಗೆ ಪೆಟ್ಟಾಗಿ ಮೂರು ತಿಂಗಳಿಗೇ, ಪ್ಯೋಂಗ್‌ಚಾಂಗ್‌ನಲ್ಲಿ ಮತ್ತೆ ಚಿನ್ನ. ಗಂಡಸರ ಸಿಂಗಲ್ಸ್‌ನಲ್ಲಿ ಒಂದಾದ ಮೇಲೊಂದು ಎರಡು ಒಲಿಂಪಿಕ್ಸ್ ಗೆದ್ದವರು 1952ರ ಡಿಕ್ ಬಟನ್ ನಂತರ ಇವರೇ.

2022ರ ಬೀಜಿಂಗ್‌ನಲ್ಲಿ ಮಾತ್ರ ಮೊದಲ ಜಿಗಿತಕ್ಕೇ ಅಲಗು ಮಂಜಿನಲ್ಲಿದ್ದ ಕುಳಿಗೆ ಸಿಕ್ಕಿತು. ನಾಲ್ಕು ಸುತ್ತಿನ ಸಾಲ್ಕೊ ಒಂದೇ ಸುತ್ತಾಯಿತು. ಎರಡು ದಿನ ಬಿಟ್ಟು, ಅಲ್ಲಿಯವರೆಗೆ ಯಾರಿಗೂ ದಕ್ಕಿರದ ನಾಲ್ಕೂವರೆ ಸುತ್ತಿನ ಆಕ್ಸೆಲ್ ಜಿಗಿತಕ್ಕೆ ಹಾರಿ ಬಿದ್ದರು, ನಾಲ್ಕನೇ ಸ್ಥಾನ. ಆ ಬಿದ್ದ ಆಕ್ಸೆಲ್ ನನಗೆ ಎರಡು ಚಿನ್ನಕ್ಕಿಂತ ಪ್ರೀತಿಯದು. ಸುಲಭದ ದಾರಿ ಹಿಡಿದು ಪದಕಕ್ಕೆ ಕೈ ಚಾಚಬಹುದಿತ್ತು, ಹಿಡಿಯಲಿಲ್ಲ.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಒಂದು ಜೊತೆಗೆ 25 ಡಾಲರ್. ದೊಡ್ಡ ಅಂಗಡಿಗಿಂತ ಜಾಸ್ತಿಯೇ, ಆದರೆ ಒಂದು ಡಾಲರ್ ಕೂಡ ಸುಮ್ನೆ ಹೋಗಿಲ್ಲ. ಮಗುವಿನ ತೂಕ, ಯಾವ ಜಿಗಿತ ಕಲಿಯುತ್ತಿದ್ದಾಳೆ ಎಲ್ಲ ಕೇಳಿ ತೋಡಿನ ಆಳ ನಿರ್ಧರಿಸುತ್ತಾರೆ. ಆಳ ಜಾಸ್ತಿಯಾದರೆ ಅಂಚು ಮಂಜನ್ನು ಕಚ್ಚಿ ಹಿಡಿಯುತ್ತದೆ, ಕಡಿಮೆಯಾದರೆ ಜಾರುತ್ತದೆ. ಯಂತ್ರದ ಕೆಲಸ ಮುಗಿದ ಮೇಲೆ ಕೈಕಲ್ಲಿನಿಂದ ಉಜ್ಜಿ, ತಮ್ಮ ಹೆಬ್ಬೆರಳಿನ ಉಗುರನ್ನು ಅಂಚಿಗೆ ತಾಗಿಸಿ ಎಳೆಯುತ್ತಾರೆ. ಎರಡೂ ಕಡೆ ಒಂದೇ ಸಮ ಉಗುರಿನ ಪುಡಿ ಬಿದ್ದರೆ ಮಾತ್ರ ಸ್ಕೇಟ್ ಕೈಗೆ ಕೊಡುತ್ತಾರೆ.

ಸವೆದ ಹಲ್ಲು ಮತ್ತೆ ಬೆಳೆಯುವುದಿಲ್ಲ, ಬೇಸಿಗೆಗೆ ಅಲಗು ಬದಲಿಸಿ ಎಂದು ನೇರವಾಗಿ ಹೇಳಿದರು. ಹೊಸದನ್ನು ಅಲ್ಲೇ ಕೊಳ್ಳಿ ಎಂದು ಒತ್ತಾಯಿಸಲಿಲ್ಲ. ಕೊಟ್ಟ ದಿನವೇ ಸಿಗುವುದಿಲ್ಲ, ಎರಡು ದಿನ ಇಟ್ಟುಕೊಳ್ಳುತ್ತಾರೆ. ಹಾಗಾಗಿ ಕ್ಲಾಸಿನ ಹಿಂದಿನ ದಿನ ಹೋಗಬೇಡಿ. ಅಲಗಿನ ಕವರ್ ತಪ್ಪದೆ ಒಯ್ಯಿರಿ, ಇಲ್ಲದಿದ್ದರೆ ಅಜ್ಜ ಸ್ಕೇಟ್ ಕೊಡುವುದೇ ಇಲ್ಲ. ನಮ್ಮದು ಮುಂದಿನ ಸಲ ಫೆಬ್ರವರಿ ಎರಡನೇ ವಾರ. ಮಗಳು ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಹಳದಿ ಬಣ್ಣ ಬಳಿದಿದ್ದಾಳೆ.