ಗೋಸುಂಬೆಗೆ ಯಾವ ಹುಳು ಹಾಕಬೇಕು: ಚಿಮ್ಮಂಡೆ, ಮೀಲ್‌ವರ್ಮ್, ಡುಬಿಯಾ ಮತ್ತು ರೇಷ್ಮೆ ಹುಳುಗಳ ಹೋಲಿಕೆ

ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿ ಒಂದು ಗಂಡು ಮತ್ತು ಒಂದು ಹೆಣ್ಣು ಗೋಸುಂಬೆಯನ್ನು ಬೇರೆ ಬೇರೆ ಜಾಲರಿ ಪಂಜರಗಳಲ್ಲಿ ಸಾಕುತ್ತಿದ್ದೇನೆ. ಇವು ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ, ನೆತ್ತಿಯ ಮೇಲೆ ಎತ್ತರದ ಶಿಖೆಯಿರುವ, ವೇಲ್ಡ್ ಕೆಮಿಲಿಯನ್ ಎಂದು ಸಾಕುವವರು ಕರೆಯುವ ಜಾತಿಯವು. ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಕಾಣುವ ಗೋಸುಂಬೆಯೇ ಬೇರೆ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ವಿದೇಶಿ ಜಾತಿಯೂ ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿರುವುದರಿಂದ 2024ರ ನಿಯಮಗಳ ಪ್ರಕಾರ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಲೇಬೇಕು. ಇಷ್ಟನ್ನು ಒಪ್ಪಿಕೊಂಡವರಿಗಾಗಿ ಮಾತ್ರ ಮುಂದಿನ ಮಾತು.

ಪಂಜರ, ದೀಪ, ಗಿಡ ಇವೆಲ್ಲ ಒಮ್ಮೆ ಹೊಂದಿಸಿದರೆ ಮುಗಿಯುವ ಕೆಲಸ. ಆಹಾರ ಮಾತ್ರ ದಿನವೂ ಯೋಚಿಸಬೇಕಾದದ್ದು, ಏಕೆಂದರೆ ಗೋಸುಂಬೆ ಅಲುಗಾಡುವ ಜೀವವನ್ನಷ್ಟೇ ಬೇಟೆಯೆಂದು ಗುರುತಿಸುತ್ತದೆ. ರೇಷ್ಮೆ ಗೂಡಿನಿಂದ ನೂಲು ತೆಗೆಯುವ ರೀಲಿಂಗ್ ಘಟಕಗಳಿಂದ ಬರುವ ಬೆಂದ ಪ್ಯೂಪಾ, ಅಂದರೆ ಗೂಡಿನೊಳಗಿನ ಸತ್ತ ಹುಳು, ನಮ್ಮ ಕಡೆ ಅಗ್ಗವಾಗಿ ಸಿಕ್ಕರೂ ಅದರತ್ತ ಇವು ಕಣ್ಣು ಕೂಡ ತಿರುಗಿಸುವುದಿಲ್ಲ. ಹಾಗಾಗಿ ನಾಲ್ಕು ಬಗೆಯ ಜೀವಂತ ಹುಳುಗಳನ್ನು ಒಂದೊಂದನ್ನೇ ಮುಖ್ಯ ಆಹಾರವಾಗಿಸಿ ನೋಡಿದೆ. ಹುಳು ಎಷ್ಟು ಚುರುಕಾಗಿ ತಿಂದವು ಎಂಬುದಕ್ಕಿಂತ ಹಿಕ್ಕೆಯ ಜೊತೆ ಬೀಳುವ ಯೂರೇಟ್ (ಗಟ್ಟಿ ರೂಪದ ಮೂತ್ರ) ಭಾಗದ ಬಣ್ಣಕ್ಕೆ ನಾನು ಹೆಚ್ಚು ಬೆಲೆ ಕೊಟ್ಟೆ: ಅದು ಬೆಳ್ಳಗಿದ್ದರೆ ಮೈಯಲ್ಲಿ ನೀರು ಸಾಕಷ್ಟಿದೆ, ಕಿತ್ತಳೆ ಬಣ್ಣಕ್ಕೆ ತಿರುಗಿದರೆ ಒಣಗುತ್ತಿದೆ ಎಂದರ್ಥ.

ಎಲ್ಲರೂ ಮೊದಲು ಕೊಳ್ಳುವುದು ಚಿಮ್ಮಂಡೆಯನ್ನು, ಅಂದರೆ ಪೆಟ್ ಅಂಗಡಿಗಳಲ್ಲಿ ಕ್ರಿಕೆಟ್ ಎಂದು ಮಾರುವ ಹುಳುವನ್ನು. ಬೇಟೆಯಾಗಿ ಇದಕ್ಕೆ ಸಾಟಿಯಿಲ್ಲ. ಅದು ಜಿಗಿದು ಓಡುತ್ತಿದ್ದಂತೆ ಗೋಸುಂಬೆಯ ಎರಡೂ ಕಣ್ಣುಗಳು ಒಂದೇ ಕಡೆ ನೆಟ್ಟು, ನಾಲಿಗೆ ಮೈಯುದ್ದವನ್ನೂ ಮೀರಿ ಚಿಮ್ಮುತ್ತದೆ. ನೂರು ಗ್ರಾಂ ಚಿಮ್ಮಂಡೆಯಲ್ಲಿ ಸುಮಾರು 70 ಗ್ರಾಂ ನೀರು, 20 ಗ್ರಾಂ ಪ್ರೋಟೀನ್, ಆರೇಳು ಗ್ರಾಂ ಕೊಬ್ಬು ಇರುತ್ತದೆ. ಬೆಳೆಯುವ ಮರಿಗೆ ಇದು ಒಳ್ಳೆಯ ಲೆಕ್ಕ. ತೊಂದರೆಯೆಲ್ಲ ಸಾಕುವವರ ಪಾಲಿಗೆ. ಡಬ್ಬಿ ವಾಸನೆ ಹೊಡೆಯುತ್ತದೆ, ರಾತ್ರಿಯಿಡೀ ಕಿರುಗುಟ್ಟುತ್ತದೆ, ತೇವ ಸ್ವಲ್ಪ ಹೆಚ್ಚಾದರೂ ಸಾಲುಸಾಲಾಗಿ ಸಾಯುತ್ತವೆ. ತಿನ್ನದೆ ಉಳಿದವನ್ನು ಸಂಜೆಗೆ ಪಂಜರದಿಂದ ತೆಗೆಯದಿದ್ದರೆ ಮಲಗಿರುವ ಗೋಸುಂಬೆಯನ್ನೇ ಕಚ್ಚುತ್ತವೆ. ಮೈಗೆ ಸವರಿದ ಕ್ಯಾಲ್ಸಿಯಂ ಪುಡಿಯನ್ನು ಸ್ವಲ್ಪ ಹೊತ್ತಿನಲ್ಲೇ ಕೊಡವಿ ಸ್ವಚ್ಛ ಮಾಡಿಕೊಳ್ಳುವುದೂ ಅವುಗಳ ಅಭ್ಯಾಸ. ಕೊಡುವುದಕ್ಕೆ ಒಂದು ದಿನ ಮೊದಲು ಅವುಗಳಿಗೆ ನುಗ್ಗೆ ಸೊಪ್ಪು ಮತ್ತು ಕ್ಯಾರೆಟ್ ತಿನ್ನಿಸುವುದನ್ನು ನಾನು ಎಂದೂ ತಪ್ಪಿಸುವುದಿಲ್ಲ. ಹುಳುವಿನ ಹೊಟ್ಟೆಯಲ್ಲಿ ಏನಿದೆಯೋ ಅದೇ ಗೋಸುಂಬೆಗೆ ಸೇರುತ್ತದೆ. ಪಾಲಕ್ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಕಟ್ಟಿಹಾಕುತ್ತದೆ.

ಮೀಲ್‌ವರ್ಮ್ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಇದು ಒಂದು ಬಗೆಯ ದುಂಬಿಯ ಮರಿಹುಳು. ಗೋಧಿ ಬೂಸಾ ತುಂಬಿದ ಡಬ್ಬಿಯಲ್ಲಿ ತಾನಾಗಿ ಬದುಕುತ್ತದೆ, ಸದ್ದಿಲ್ಲ, ವಾಸನೆಯಿಲ್ಲ. ಆದರೆ ಕೊಬ್ಬು ಚಿಮ್ಮಂಡೆಯ ಸುಮಾರು ಎರಡರಷ್ಟು, ಹೊರಮೈ ಗಟ್ಟಿ. ಅಪರೂಪಕ್ಕೆ ಒಂದೆರಡು ಕೊಡಬಹುದೇ ಹೊರತು ದಿನದ ಊಟಕ್ಕೆ ನಾನು ಒಪ್ಪುವುದಿಲ್ಲ.

ಡುಬಿಯಾ ಜಿರಲೆ ಅರ್ಜೆಂಟೀನಾ ಮೊದಲಾದ ದಕ್ಷಿಣ ಅಮೆರಿಕದ ದೇಶಗಳದು. ನುಣುಪಾದ ಗೋಡೆ ಹತ್ತಲಾರದು, ಕಿರುಗುಟ್ಟುವುದಿಲ್ಲ, ವಾಸನೆ ತೀರಾ ಕಡಿಮೆ, ಪ್ರೋಟೀನ್ ಚಿಮ್ಮಂಡೆಗೆ ಸಮಸಮ. ಕಾಗದದ ಮೇಲೆ ನೋಡಿದರೆ ಇದೇ ಗೆಲ್ಲಬೇಕು. ಆದರೆ ಬೆದರಿದಾಗ ಇದು ಅಲುಗದೆ ಕೂರುತ್ತದೆ ಅಥವಾ ಎಲೆಯಡಿ ನುಸುಳಿಕೊಳ್ಳುತ್ತದೆ. ನಮ್ಮ ಹೆಣ್ಣು ಗೋಸುಂಬೆ ಎಷ್ಟೋ ಸಲ ನೋಡಿಯೂ ನೋಡದಂತೆ ಮುಂದೆ ಸಾಗಿದೆ. ಒಳಗೋಡೆ ನುಣುಪಾದ ಬಟ್ಟಲನ್ನು ಕೊಂಬೆಗೆ ಕಟ್ಟಿ, ಅದರಲ್ಲಿ ಬಿಟ್ಟು ಕೊಟ್ಟರೆ ಮಾತ್ರ ಇದರ ಪ್ರಯೋಜನ ಪೂರ್ತಿ ಸಿಗುತ್ತದೆ. ಮನೆಯೊಳಗೆ ಬೇಕೆಂದೇ ಜಿರಲೆ ಸಾಕುವುದಕ್ಕೆ ಮನೆಯವರ ಒಪ್ಪಿಗೆ ಬೇಕು ಎಂಬುದೂ ಸಣ್ಣ ವಿಷಯವಲ್ಲ.

ಇನ್ನು ರೇಷ್ಮೆ ಹುಳು. ಬೇರೆ ಊರಿನ ಸಾಕಣೆದಾರರಿಗೆ ದುಬಾರಿಯಾದ ಈ ಆಹಾರ ನಮ್ಮ ಜಿಲ್ಲೆಯಲ್ಲಿ ಮನೆಬಾಗಿಲಲ್ಲಿದೆ. ಶಿಡ್ಲಘಟ್ಟದ ಕಡೆ ನಮ್ಮ ದೊಡ್ಡಪ್ಪನವರು ಹುಳು ಮೇಯಿಸುತ್ತಾರೆ. ಎಳೆ ಹುಳು ಬೆಳೆಸಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಮೇವು ಬಿಟ್ಟು ಕೂತು ಚರ್ಮ ಕಳಚುವ ಹಂತ) ಎದ್ದ ಹುಳು ಅವರ ಮನೆಗೆ ಬಂದಾಗ ಒಂದು ಹಿಡಿ ತಂದು, ನನ್ನಲ್ಲೇ ಹಿಪ್ಪುನೇರಳೆ ಸೊಪ್ಪು ಹಾಕಿ ಬೆಳೆಸುತ್ತೇನೆ. ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ನಾಲ್ಕು ವಾರಕ್ಕೂ ಕಡಿಮೆ ಕಾಲ. ಅಷ್ಟರಲ್ಲಿ ಹುಳು ಹುಟ್ಟಿದಾಗಿನ ತೂಕದ ಸಾವಿರಾರು ಪಟ್ಟು ಬೆಳೆಯುತ್ತದೆ. ಇದರಿಂದ ಬೇಕಾದ ಗಾತ್ರವನ್ನು ಆರಿಸಿಕೊಳ್ಳುವ ಅನುಕೂಲ ಸಿಗುತ್ತದೆ. ಹುಳುವಿನ ದಪ್ಪ ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಂತರವನ್ನು ಮೀರಬಾರದು ಎಂಬ ನಿಯಮದಂತೆ ಮೂರನೇ ಜ್ವರ ಎದ್ದ ಹುಳು ಗೋಸುಂಬೆ ಮರಿಗಳಿಗೂ, ನಾಲ್ಕನೇ ಜ್ವರ ಆಗತಾನೇ ಎದ್ದ ಹುಳು ದೊಡ್ಡವಕ್ಕೂ ಹೊಂದುತ್ತದೆ.

ಇದರ ಮೈ ಮೆದು, ಕೊಬ್ಬು ನೂರಕ್ಕೆ ಒಂದೂವರೆ ಗ್ರಾಂ ಮಾತ್ರ, ನೀರು 80ಕ್ಕೂ ಹೆಚ್ಚು. ಮಾರ್ಚ್‌ನಿಂದ ಮೇವರೆಗಿನ ನಮ್ಮ ಒಣ ಬಿಸಿಲಿನಲ್ಲಿ ಈ ನೀರಿನ ಬೆಲೆ ಏನೆಂದು ಯೂರೇಟ್‌ನ ಬಣ್ಣವೇ ಹೇಳಿತು: ಚಿಮ್ಮಂಡೆ ಮಾತ್ರ ಕೊಡುತ್ತಿದ್ದಾಗ, ದಿನಕ್ಕೆ ಎರಡು ಹೊತ್ತು ನೀರು ಚಿಮುಕಿಸಿದರೂ ಅಂಚು ಕಿತ್ತಳೆಯಾಗುತ್ತಿತ್ತು, ರೇಷ್ಮೆ ಹುಳು ಸೇರಿಸಿದ ಮೇಲೆ ಬೆಳ್ಳಗಾಯಿತು. ಕ್ಯಾಲ್ಸಿಯಂ ಪುಡಿಯನ್ನು ಇದು ಕೊಡವಿಕೊಳ್ಳುವುದಿಲ್ಲ, ಓಡಿ ಅವಿತುಕೊಳ್ಳುವುದಿಲ್ಲ, ಮಲಗಿದ ಪ್ರಾಣಿಯನ್ನು ಕಚ್ಚುವುದಿಲ್ಲ. ಹಿಪ್ಪುನೇರಳೆಯ ಒಂದು ರೆಂಬೆಯನ್ನು ಹುಳುವಿನ ಸಮೇತ ಪಂಜರದೊಳಗೆ ತೂಗುಹಾಕಿದರೆ ತಲೆಯಾಡಿಸುತ್ತಾ ಮೇಯುವ ಹುಳು ತಾನಾಗಿಯೇ ಗೋಸುಂಬೆಯ ಗಮನ ಸೆಳೆಯುತ್ತದೆ.

ಕೊರತೆಗಳನ್ನೂ ಹೇಳಬೇಕು. ಪ್ರೋಟೀನ್ ನೂರಕ್ಕೆ 9 ಗ್ರಾಂ ಆಸುಪಾಸು, ಅಂದರೆ ಚಿಮ್ಮಂಡೆಯ ಅರ್ಧಕ್ಕಿಂತ ಕಡಿಮೆ. ಇದನ್ನೊಂದನ್ನೇ ಕೊಟ್ಟರೆ ಹಿಕ್ಕೆ ನೀರಾಗುತ್ತದೆ, ಮರಿಗಳ ಬೆಳವಣಿಗೆಗೂ ಸಾಲದು. ರೇಷ್ಮೆ ಹುಳುವಿನಲ್ಲಿ ಕ್ಯಾಲ್ಸಿಯಂ ತುಂಬಿದೆ ಎಂದು ಹಲವರು ನಂಬಿದ್ದಾರೆ, ಅದು ನಿಜವಲ್ಲ. ಈ ನಾಲ್ಕೂ ಹುಳುಗಳಲ್ಲಿ ಕ್ಯಾಲ್ಸಿಯಂಗಿಂತ ರಂಜಕವೇ ಹೆಚ್ಚು. ಆ ಅಸಮತೋಲನ ಮುಂದುವರಿದರೆ ಗೋಸುಂಬೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಎಳೆದುಕೊಂಡು ಕಾಲು, ದವಡೆ ಬಾಗುತ್ತವೆ. ಪುಡಿ ಸವರುವುದು ತಪ್ಪದು, ಜೊತೆಗೆ ಆ ಕ್ಯಾಲ್ಸಿಯಂ ಮೈಗೆ ಹತ್ತಲು ಯುವಿಬಿ ಎಂಬ ಅತಿನೇರಳೆ ಕಿರಣ ಬೀರುವ ದೀಪವೂ ಬೇಕು; ಕಿಟಕಿಯ ಗಾಜಿನ ಮೂಲಕ ಬರುವ ಬಿಸಿಲಿನಲ್ಲಿ ಆ ಕಿರಣ ಉಳಿದಿರುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳುವುದು ನನಗೆ ಅತ್ಯಂತ ಮುಖ್ಯವೆನಿಸುತ್ತದೆ. ಜ್ವರಕ್ಕೆ ಕೂತ ಹುಳುವಿನ ಹಾಸಿಗೆ ಒಣಗಿಸಲು ರೈತರು ಸುಣ್ಣ ಉದುರಿಸುತ್ತಾರೆ, ಜ್ವರ ಎದ್ದ ಮೇಲೆ ರೋಗ ತಡೆಯಲು ಸೋಂಕುನಿವಾರಕ ಪುಡಿ ಹಾಕುತ್ತಾರೆ. ಬಿಳಿಯಾಗಿ ಕಂಡ ಮಾತ್ರಕ್ಕೆ ಅದು ಕ್ಯಾಲ್ಸಿಯಂ ಪೂರಕವಲ್ಲ. ಪೂರಕವಾಗಿ ಬಳಸುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಹಾಸಿಗೆಗೆ ಹಾಕುವ ಅರಳಿದ ಸುಣ್ಣ ಬಾಯಿ, ಗಂಟಲು ಸುಡುವಷ್ಟು ತೀಕ್ಷ್ಣ. ಪುಡಿ ಹಾಕಿದ ತಟ್ಟೆಯಿಂದ ನೇರವಾಗಿ ಹುಳು ತಂದು ಕೊಡಲೇಬಾರದು. ನಾನು ತಂದ ಹುಳುವನ್ನು ಬೇರೆ ತಟ್ಟೆಗೆ ಹಾಕಿ, ನನ್ನ ಸೊಪ್ಪು ತಿನ್ನಿಸಿ, ಒಂದು ಜ್ವರ ಕಳೆದು ಹಳೆಯ ಚರ್ಮ ಬಿಟ್ಟ ಮೇಲಷ್ಟೇ ಬಳಸುತ್ತೇನೆ. ಔಷಧಿ ಹೊಡೆದ ತೋಟದ ಸೊಪ್ಪಿನ ವಿಷಯದಲ್ಲಿ ಒಂದು ಸಮಾಧಾನವಿದೆ: ರೇಷ್ಮೆ ಹುಳು ಕೀಟನಾಶಕಕ್ಕೆ ಎಷ್ಟು ಸೂಕ್ಷ್ಮವೆಂದರೆ ಸೊಪ್ಪಿನಲ್ಲಿ ವಿಷವಿದ್ದರೆ ಸಾಮಾನ್ಯವಾಗಿ ಅದೇ ಮೊದಲು ಒದ್ದಾಡಿ ಬೀಳುತ್ತದೆ. ಬಯಲಲ್ಲಿ ಹಿಡಿದ ಮಿಡತೆಗೆ ಇಂಥ ಖಾತರಿಯಿಲ್ಲ; ಟೊಮೆಟೊ, ಹೂವಿನ ತೋಟಗಳಿಗೆ ಬಿಡದೆ ಔಷಧಿ ಹೊಡೆಯುವ ನಮ್ಮ ಕಡೆ ಅದನ್ನು ನಾನು ಕೊಡುವುದಿಲ್ಲ. ಮೈ ಊದಿ ಹಾಲಿನಂಥ ದ್ರವ ಒಸರುವ ಹಾಲುತೊಂಡೆ ಹುಳು, ಸಪ್ಪೆ ರೋಗ ತಗುಲಿ ಮೈ ಜೋಲಿದ ಹುಳು, ಊಜಿ ನೊಣ ಮೊಟ್ಟೆಯಿಟ್ಟು ಕಪ್ಪು ಮಚ್ಚೆ ಬಿದ್ದ ಹುಳು, ಇವನ್ನೂ ಆರಿಸಿ ಹೊರಗಿಡಬೇಕು.

ಹೀಗೆ ನೋಡಿದ ಮೇಲೆ, ದೊಡ್ಡ ಗೋಸುಂಬೆಗಳಿಗೆ ಬೇಸಿಗೆಯಲ್ಲಿ ರೇಷ್ಮೆ ಹುಳುವೇ ಮುಖ್ಯ ಆಹಾರ, ಚಿಮ್ಮಂಡೆ ಪೂರಕ. ಚಳಿಗಾಲದಲ್ಲಿ ಅದು ತಿರುವುಮುರುವು. ಮರಿಗಳಿಗೆ ಯಾವ ಕಾಲದಲ್ಲೂ ಚಿಮ್ಮಂಡೆಯೇ ಮುಂದು ಎಂಬ ನಿಲುವಿಗೆ ಬಂದಿದ್ದೇನೆ. ಹೆಣ್ಣಿನ ವಿಷಯದಲ್ಲಿ ರೇಷ್ಮೆ ಹುಳುವಿನ ಲಾಭ ಇನ್ನೂ ದೊಡ್ಡದು. ವೇಲ್ಡ್ ಜಾತಿಯ ಹೆಣ್ಣು ಗಂಡಿನ ಸಂಗವಿಲ್ಲದೆಯೂ ಮೊಟ್ಟೆಯಿಡುತ್ತದೆ, ಹೆಚ್ಚು ತಿಂದಷ್ಟೂ ಮೊಟ್ಟೆಗಳ ಸಂಖ್ಯೆ ಏರಿ ಅದರ ಆಯುಷ್ಯಕ್ಕೆ ಕುತ್ತು ಬರುತ್ತದೆ. ಕೊಬ್ಬು ಕಡಿಮೆಯಿರುವ ಈ ಹುಳುವನ್ನು ದಿನ ಬಿಟ್ಟು ದಿನ ಕೊಟ್ಟರೆ ಹೊಟ್ಟೆ ತುಂಬುತ್ತದೆ, ಮೈ ಬೆಳೆಯುವುದಿಲ್ಲ. ಹಣ್ಣಾದ ಹುಳುಗಳನ್ನು ನಾನು ಕೊಡದೆ ಗೂಡು ಕಟ್ಟಲು ಬಿಡುತ್ತೇನೆ. ಅವುಗಳಿಂದ ಹೊರಬರುವ ಚಿಟ್ಟೆ ಹಾರಲಾರದೆ ರೆಕ್ಕೆ ಬಡಿಯುತ್ತಲೇ ಇರುವುದರಿಂದ, ಊಟ ಬಿಟ್ಟು ಕೂತ ಗೋಸುಂಬೆಯನ್ನು ಮತ್ತೆ ಬೇಟೆಗೆ ಎಬ್ಬಿಸಲು ಅದಕ್ಕಿಂತ ಒಳ್ಳೆಯ ತುತ್ತನ್ನು ನಾನು ಕಂಡಿಲ್ಲ.